ಶೇ 41.7 ಅಂದರೆ ಅಷ್ಟು ಹೆಂಗಸರಿಗೆ ನೌಕರಿ ಸಿಕ್ಕಿತು ಅಂತಲ್ಲ

ಪಿಎಲ್‌ಎಫ್‌ಎಸ್ ಎಂಬ ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯಲ್ಲಿ ಮಹಿಳಾ ದುಡಿಮೆಯ ಪ್ರಮಾಣ 2017-18ರ ಶೇ 23.3ರಿಂದ 2023-24ಕ್ಕೆ ಶೇ 41.7 ಆಗಿದೆ, ಅಷ್ಟೊಂದು ನೌಕರಿ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಅದು ನೌಕರಿಯ ಅಂಕಿಯೇ ಅಲ್ಲ. 15 ತುಂಬಿದವರಲ್ಲಿ ಕೆಲಸದಲ್ಲಿರುವವರು, ಕೆಲಸ ಹುಡುಕುತ್ತಿರುವವರು ಇಬ್ಬರೂ ಅದರಲ್ಲಿದ್ದಾರೆ. ವರ್ಷದಲ್ಲಿ 30 ದಿನ ಉಪಕಸುಬು ಮಾಡಿದವರೂ ಸೇರುತ್ತಾರೆ.

ನೀವು ತೆರೆಯಬೇಕಾದ್ದು ಉದ್ಯೋಗದ ಸ್ವರೂಪದ ಕೋಷ್ಟಕ. ದುಡಿಯುವ ಮಹಿಳೆಯರಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಇದೇ ಅವಧಿಯಲ್ಲಿ ಶೇ 51.9ರಿಂದ 67.4ಕ್ಕೆ ಏರಿದೆ, ತಿಂಗಳ ಸಂಬಳದವರ ಪಾಲು ಇಳಿದಿದೆ. ಸ್ವಯಂ ಉದ್ಯೋಗ ಅಂದಾಕ್ಷಣ ಅಂಗಡಿ ಇಟ್ಟವರು ಅಂದುಕೊಳ್ಳಬೇಡಿ. ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವವರೂ ಅದರಲ್ಲೇ.

ಎಡವಟ್ಟಾಗುವುದು ಸಮೀಕ್ಷೆಯವರು ಕೇಳುವ ಪ್ರಶ್ನೆಯಲ್ಲಿ. ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆ ಅನ್ನಿ. "ನಿಮ್ಮ ಮನೆಯವರು ಕೆಲಸ ಮಾಡ್ತಾರಾ?" ಅಂತ ಯಜಮಾನನನ್ನು ಕೇಳಿದರೆ "ಇಲ್ಲ, ಮನೇಲೇ ಇರ್ತಾಳೆ" ಅನ್ನುತ್ತಾನೆ. ಸಮೀಕ್ಷೆಯಲ್ಲಿ ಅದು ಸಂಕೇತ 92 (ಬರೀ ಮನೆಗೆಲಸ), ಲೆಕ್ಕದಿಂದ ಹೊರಗೆ. "ಹಾಲು ಕರೆಯೋದು ಯಾರು, ಹುಲ್ಲು ತರೋದು ಯಾರು?" ಅಂತ ಕೇಳಿದರೆ ಅದೇ ಹೆಂಗಸು ಸಂಕೇತ 21 (ಮನೆಯ ಕಸುಬಿಗೆ ಕೂಲಿಯಿಲ್ಲದೆ ನೆರವಾಗುವವರು), ಲೆಕ್ಕದೊಳಗೆ. ಹಸುವಿಗೆ ಯಾವ ವ್ಯತ್ಯಾಸವೂ ಇಲ್ಲ! ಏರಿಕೆಯಲ್ಲಿ ಹೊಸ ದುಡಿಮೆ ಎಷ್ಟು, ಹಳೆಯದರ ಎಣಿಕೆ ಎಷ್ಟು ಎಂಬ ಜಗಳ ಅರ್ಥಶಾಸ್ತ್ರಜ್ಞರಲ್ಲಿ ನಡೆದಿರುವುದು ಇದಕ್ಕೇ.

ಹಾಂ, 2025ರಿಂದ ಬರುತ್ತಿರುವ ತಿಂಗಳ ಅಂಕಿಗಳು ಹಿಂದಿನ 7 ದಿನಗಳ ಕೆಲಸವನ್ನಷ್ಟೇ ನೋಡುತ್ತವೆ. ಅವನ್ನು 41.7ರ ಪಕ್ಕ ಇಟ್ಟು "ಕುಸಿಯಿತು" ಅಂತ ಬರೆಯಬೇಡಿ.