ಹತ್ತಿರ, ಇನ್ನೂ ಹತ್ತಿರ: ಮ್ಯಾಕ್ರೋ ಮತ್ತು ಸೂಕ್ಷ್ಮದರ್ಶಕ ಛಾಯಾಗ್ರಹಣ ಪ್ರಶ್ನೋತ್ತರ

ಪ್ರಶ್ನೆ: ನನ್ನ ಬಳಿ 18–55 ಕಿಟ್ ಲೆನ್ಸ್ ಮತ್ತು ಹಳೆಯ 50 ಮಿ.ಮೀ. ಲೆನ್ಸ್ ಇವೆ. ಜೇಡ, ಇರುವೆಗಳ ಚಿತ್ರ ತೆಗೆಯಬೇಕು. ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಟೊಳ್ಳು ಕೊಳವೆ) ಕೊಳ್ಳಲೇ, ರಿವರ್ಸ್ ರಿಂಗ್ (ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಉಂಗುರ) ಸಾಕೇ?

ಉತ್ತರ: 50 ಮಿ.ಮೀ. ಲೆನ್ಸ್ ಇರುವಾಗ ಟ್ಯೂಬಿನಿಂದ ಶುರು ಮಾಡಿ. ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಿ, ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಹಿಗ್ಗುವಿಕೆ, ಅಂದರೆ ಸೆನ್ಸರಿನ ಮೇಲಿನ ಬಿಂಬ ವಸ್ತುವಿನ ಎಷ್ಟು ಪಟ್ಟು ಎಂಬುದು ಸಿಗುತ್ತದೆ. 12, 20, 36 ಮಿ.ಮೀ. ಟ್ಯೂಬುಗಳ ಸೆಟ್ಟು ಸೇರಿದರೆ 68 ಮಿ.ಮೀ. ಅಂದರೆ 50 ಮಿ.ಮೀ. ಲೆನ್ಸಿಗೆ 1.36 ಪಟ್ಟು, 100 ಮಿ.ಮೀ. ಲೆನ್ಸಿಗೆ 0.68 ಮಾತ್ರ. ಎಪಿಎಸ್-ಸಿ (ಸುಮಾರು 24 ಮಿ.ಮೀ. ಅಗಲದ) ಸೆನ್ಸರಿನಲ್ಲಿ 1.36 ಪಟ್ಟು ಎಂದರೆ ಸುಮಾರು 17 ಮಿ.ಮೀ. ಅಗಲದ ಜಾಗ ಚೌಕಟ್ಟು ತುಂಬುತ್ತದೆ. ಮಧ್ಯಮ ಗಾತ್ರದ ಜೇಡಕ್ಕೆ ಇದು ಸಾಕು, ಇರುವೆಗೆ ಸಾಲದು.

ಕಿಟ್ ಲೆನ್ಸನ್ನು 18 ಮಿ.ಮೀ.ಗೆ ಇಟ್ಟು ಉದ್ದದ ಟ್ಯೂಬ್ ಹಾಕಬೇಡಿ. ಫೋಕಸ್ ಆಗುವ ಜಾಗ ಲೆನ್ಸಿನ ಗಾಜಿನ ಒಳಗೇ ಬಿದ್ದುಬಿಡುತ್ತದೆ. ಅದನ್ನು ತಿರುಗಿಸಿ ಹಾಕುವುದೇ ಸರಿ, ಇರುವೆಗೆ ಬೇಕಾದ ಹಿಗ್ಗುವಿಕೆಯೂ ಆಗ ಸಿಗುತ್ತದೆ. ತಿರುಗಿಸಿದ ಲೆನ್ಸಿನಲ್ಲಿ ಫೋಕಲ್ ಲೆಂತ್ ಕಡಿಮೆಯಾದಷ್ಟೂ ಚಿತ್ರ ದೊಡ್ಡದು. ಡಿಎಸ್‌ಎಲ್‌ಆರ್ ಲೆನ್ಸಾದರೆ ವಸ್ತುವಿಗೂ ಲೆನ್ಸಿನ ಮೌಂಟಿಗೂ ನಡುವೆ ಸುಮಾರು 45 ಮಿ.ಮೀ. ಅಂತರ ಉಳಿಯುತ್ತದೆ, ಬೆಳಕು ಹಾಯಿಸಲು ಅದು ಸಾಕು. ತೊಂದರೆ ಅಪರ್ಚರಿನದು: ತಿರುಗಿಸಿದ ಲೆನ್ಸಿನ ಅಪರ್ಚರನ್ನು ಕ್ಯಾಮೆರಾದಿಂದ ಬದಲಿಸಲಾಗದು. ಕ್ಯಾನನ್ ಇಎಫ್ ಲೆನ್ಸಾದರೆ ಎಫ್/8ಕ್ಕೆ ಇಟ್ಟು, ಡೆಪ್ತ್ ಆಫ್ ಫೀಲ್ಡ್ ಗುಂಡಿ ಒತ್ತಿ ಹಿಡಿದುಕೊಂಡೇ ಲೆನ್ಸ್ ಕಳಚಿ, ಅಪರ್ಚರ್ ಹಾಗೇ ನಿಲ್ಲುತ್ತದೆ. ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸಿಗೆ ಈ ಕಷ್ಟವಿಲ್ಲ.

ಪ್ರಶ್ನೆ: ಹೆಚ್ಚು ಭಾಗ ಸ್ಪಷ್ಟವಾಗಿ ಬರಲೆಂದು ಎಫ್/22 ಇಡುತ್ತೇನೆ. ಆದರೂ 1:1ರಲ್ಲಿ (ಬಿಂಬ ವಸ್ತುವಿನಷ್ಟೇ ದೊಡ್ಡದಾದಾಗ) ಇಡೀ ಚಿತ್ರ ಮಂಕು. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಅದು ವಿವರ್ತನೆ: ಕಿರಿದಾದ ರಂಧ್ರ ಹಾಯುವಾಗ ಬೆಳಕು ಹರಡಿಕೊಳ್ಳುವುದು. ಹತ್ತಿರಕ್ಕೆ ಹೋದಂತೆ ನಿಜವಾದ ಅಪರ್ಚರ್ ಸಂಖ್ಯೆ ಏರುತ್ತದೆ: ನೀವಿಟ್ಟ ಸಂಖ್ಯೆಯನ್ನು (1 + ಹಿಗ್ಗುವಿಕೆ)ಯಿಂದ ಗುಣಿಸಿ. 1:1ರಲ್ಲಿ ಎಫ್/22 ಎಂದರೆ ವಾಸ್ತವದಲ್ಲಿ ಎಫ್/44. ಆಗ ಒಂದು ಬಿಂದು ಸೆನ್ಸರಿನ ಮೇಲೆ ಸುಮಾರು 59 ಮೈಕ್ರಾನ್ ಅಗಲದ ಚುಕ್ಕೆಯಾಗುತ್ತದೆ. 4 ಮೈಕ್ರಾನಿನ ಪಿಕ್ಸೆಲ್ಲಾದರೆ ಹದಿನೈದರಷ್ಟು ಪಿಕ್ಸೆಲ್ ನುಂಗುತ್ತದೆ. ಎಫ್/5.6ರಲ್ಲಿ ಅದೇ ಚುಕ್ಕೆ 15 ಮೈಕ್ರಾನ್. ಒಂದೇ ಚಿತ್ರ ತೆಗೆಯುವುದಾದರೆ 1:1ಕ್ಕೆ ಎಫ್/8ರಿಂದ ಎಫ್/11ರ ನಡುವೆ ನಿಲ್ಲಿ. ಸ್ಟ್ಯಾಕ್ ಮಾಡುವುದಾದರೆ (ಬೇರೆ ಬೇರೆ ಫೋಕಸಿನ ಹಲವು ಚಿತ್ರ ಜೋಡಿಸುವುದಾದರೆ) ಎಫ್/5.6. ಕ್ಯಾನನ್ ಎಂಪಿ-ಇ 65 ಲೆನ್ಸನ್ನು 5 ಪಟ್ಟಿಗೆ ಇಟ್ಟರೆ ಪೂರ್ತಿ ತೆರೆದ ಎಫ್/2.8 ಕೂಡ ಎಫ್/16 ದಾಟಿರುತ್ತದೆ. ಅಲ್ಲಿ ಇನ್ನೂ ಮುಚ್ಚಿದರೆ ವಿವರ ಹೋಗುತ್ತದೆಯೇ ಹೊರತು ಬರುವುದಿಲ್ಲ.

ಪ್ರಶ್ನೆ: ‘4/0.10’, ‘160/0.17’ ಎಂದು ಬರೆದಿರುವ ಸೂಕ್ಷ್ಮದರ್ಶಕದ ಆಬ್ಜೆಕ್ಟಿವ್ (ವಸ್ತುವಿನ ಕಡೆಯ ಮಸೂರ) ಸಿಕ್ಕಿದೆ. ಕ್ಯಾಮೆರಾಕ್ಕೆ ನೇರವಾಗಿ ಜೋಡಿಸಬಹುದೇ? ಟ್ಯೂಬಿಗೆ ಹಾಕಿ ನೋಡಿದೆ, ಚಿತ್ರದ ನಡುವೆ ಬಿಳಿ ಮಬ್ಬು.

ಉತ್ತರ: ಜೋಡಿಸಬಹುದು. ಕಡಿಮೆ ಖರ್ಚಿನಲ್ಲಿ 4 ಪಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಅಪರೂಪ. 4 ಎಂಬುದು ಹಿಗ್ಗುವಿಕೆ, 0.10 ಎಂಬುದು ಎನ್‌ಎ (ನ್ಯೂಮರಿಕಲ್ ಅಪರ್ಚರ್: ಆಬ್ಜೆಕ್ಟಿವ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆಂಬ ಅಳತೆ). ವಿವರ ಎಷ್ಟು ಸಿಗುತ್ತದೆಂದು ನಿರ್ಧರಿಸುವುದು ಈ ಎರಡನೆಯದು. 0.10 ಎನ್‌ಎ ಇರುವ ಆಬ್ಜೆಕ್ಟಿವ್ ಬಿಡಿಸಿ ತೋರಿಸಬಲ್ಲದ್ದು ಸುಮಾರು 3.4 ಮೈಕ್ರಾನ್, 10/0.25 ಆದರೆ 1.3 ಮೈಕ್ರಾನ್. ಹಿಂದೆ ಎಷ್ಟೇ ಮೆಗಾಪಿಕ್ಸೆಲ್ ಇದ್ದರೂ ಈ ಸಂಖ್ಯೆ ಬದಲಾಗದು.

160 ಎಂಬುದು ಸೂಕ್ಷ್ಮದರ್ಶಕದ ಕೊಳವೆಯ ಉದ್ದ, ಮಿ.ಮೀ.ನಲ್ಲಿ. ಹಾಗೆಂದಿದ್ದರೆ ಆಬ್ಜೆಕ್ಟಿವ್ ತನ್ನಷ್ಟಕ್ಕೇ ಬಿಂಬ ಮೂಡಿಸುತ್ತದೆ. ಬಿಂಬ ಕೊಳವೆಯ ತುದಿಗಿಂತ 10 ಮಿ.ಮೀ. ಒಳಗೆ ಮೂಡುವುದರಿಂದ, ಆಬ್ಜೆಕ್ಟಿವಿನ ಭುಜದಿಂದ (ತಿರುಪಿನ ಬುಡದ ಅಂಚಿನಿಂದ) ಸೆನ್ಸರಿಗೆ 150 ಮಿ.ಮೀ. ದೂರ ಬೇಕು. ಇದರಲ್ಲಿ ಕ್ಯಾಮೆರಾದ ಮೌಂಟಿನಿಂದ ಸೆನ್ಸರಿಗಿರುವ ದೂರ ಕಳೆಯಿರಿ: ನಿಕಾನ್ ಎಫ್‌ಗೆ 46.5, ಕ್ಯಾನನ್ ಇಎಫ್‌ಗೆ 44, ಸೋನಿ ಇ ಮೌಂಟಿಗೆ 18. ಅಂದರೆ ಅಡಾಪ್ಟರ್ ದಪ್ಪವೂ ಸೇರಿ ಕ್ರಮವಾಗಿ 103.5, 106 ಮತ್ತು 132 ಮಿ.ಮೀ. ಟ್ಯೂಬ್ ಬೇಕು. 4/0.10ಕ್ಕೆ ಐದಾರು ಮಿ.ಮೀ. ಆಚೀಚೆಯಾದರೆ ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ಆಬ್ಜೆಕ್ಟಿವಿನ ತಿರುಪು ಆರ್‌ಎಂಎಸ್ ಅಳತೆಯದು. ಆರ್‌ಎಂಎಸ್‌ನಿಂದ ಎಂ42ಕ್ಕೆ (42 ಮಿ.ಮೀ. ತಿರುಪಿಗೆ) ಅಡಾಪ್ಟರ್ ಸಿಗುತ್ತದೆ, ಅಲ್ಲಿಂದ ಮುಂದೆ ಎಂ42 ಟ್ಯೂಬುಗಳು.

ಬಿಳಿ ಮಬ್ಬಿಗೆ ಬಹುಮಟ್ಟಿಗೆ ಟ್ಯೂಬಿನ ಒಳಮೈಯೇ ಕಾರಣ. ಕ್ಯಾಮೆರಾ ಕಳಚಿ, ಹಿಂಬದಿಯಿಂದ ಇಣುಕಿ, ಆಬ್ಜೆಕ್ಟಿವನ್ನು ದೀಪದ ಕಡೆ ಹಿಡಿಯಿರಿ. ಗೋಡೆಯ ಮೇಲೆ ಹೊಳೆಯುವ ಉಂಗುರಗಳು ಕಂಡರೆ ಅವೇ ಮಬ್ಬಿನ ಮೂಲ. ಮಖಮಲ್ಲಿನಂಥ ಕಪ್ಪು ಅಂಟುಹಾಳೆಯನ್ನು ಒಳಗೆ ಸುತ್ತ ಅಂಟಿಸಿ. ಕಪ್ಪು ಬಣ್ಣ ಬಳಿದರೆ ಸಾಲದು, ಓರೆಯಾಗಿ ಬಿದ್ದ ಬೆಳಕಿಗೆ ಬಣ್ಣವೂ ಹೊಳೆಯುತ್ತದೆ. ಮೂಲೆಗಳು ಮಸುಕಾಗಿದ್ದರೆ ಅದಕ್ಕೆ ಬೇರೆ ಕಾರಣ: ಇಂಥ ಆಬ್ಜೆಕ್ಟಿವ್‌ಗಳು 18–20 ಮಿ.ಮೀ. ವ್ಯಾಸದ ಬಿಂಬಕ್ಕೆಂದು ಮಾಡಿದವು, ಎಪಿಎಸ್-ಸಿ ಸೆನ್ಸರಿನ ಕರ್ಣ 28 ಮಿ.ಮೀ. ಅಂಚು ಕತ್ತರಿಸಿಬಿಡಿ.

ಅಂಚಿನಲ್ಲಿ ಬಣ್ಣದ ಗೆರೆ ಕಂಡರೂ ಗಾಬರಿ ಬೇಡ. ಹಳೆಯ ಹಲವು ಆಬ್ಜೆಕ್ಟಿವ್‌ಗಳ ಬಣ್ಣದೋಷದ ಒಂದು ಪಾಲನ್ನು ಕಣ್ಣುಮಸೂರ ಸರಿಪಡಿಸುತ್ತಿತ್ತು. ಅದನ್ನು ತೆಗೆದಾಗ ದೋಷ ಉಳಿಯುತ್ತದೆ. ನಿಕಾನ್ ಸಿಎಫ್ ಸಾಲಿನವು ಆಬ್ಜೆಕ್ಟಿವಿನೊಳಗೇ ತಿದ್ದಿದವು, ನೇರ ಜೋಡಣೆಗೆ ಅವು ಮೇಲು.

160ರ ಜಾಗದಲ್ಲಿ ∞ ಇದ್ದರೆ ಬರೀ ಟ್ಯೂಬ್ ಸಾಲದು, ಹಿಂದೊಂದು ಲೆನ್ಸ್ ಬೇಕು. ನಿಕಾನ್, ಮಿಟುಟೋಯೊ ಆಬ್ಜೆಕ್ಟಿವ್‌ಗಳ ಲೆಕ್ಕ 200 ಮಿ.ಮೀ. ಲೆನ್ಸಿನದು. 200 ಮಿ.ಮೀ. ಟೆಲಿ ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು, ಮುಂದೆ ಆಬ್ಜೆಕ್ಟಿವ್ ಜೋಡಿಸಿದರೆ ಬರೆದಷ್ಟೇ ಪಟ್ಟು ಸಿಗುತ್ತದೆ. 100 ಮಿ.ಮೀ. ಲೆನ್ಸಾದರೆ ಅದರ ಅರ್ಧ.

ಪ್ರಶ್ನೆ: ಅದೇ 0.17 ಎಂದರೇನು?

ಉತ್ತರ: ಸ್ಲೈಡಿನಲ್ಲಿ ವಸ್ತುವಿನ ಮೇಲೆ ಮುಚ್ಚುವ ತೆಳುಗಾಜಿನ (ಕವರ್ ಗ್ಲಾಸಿನ) ದಪ್ಪ, ಮಿಲಿಮೀಟರಿನಲ್ಲಿ. 4/0.10, 10/0.25ಕ್ಕೆ ಗಾಜು ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. 40/0.65ರ ಅಡಿ ಗಾಜಿಲ್ಲದೆ ಚಿಟ್ಟೆಯ ರೆಕ್ಕೆ ಇಟ್ಟರೆ ಯಾವ ಫೋಕಸಿಗೂ ಚೊಕ್ಕಟ ಬಾರದು.

ಪ್ರಶ್ನೆ: ಫೋಕಸ್ ರೈಲಿನ (ಕ್ಯಾಮೆರಾವನ್ನು ಹಿಂದೆಮುಂದೆ ಸರಿಸುವ ಹಳಿಯ) ಮೇಲೆ 0.1 ಮಿ.ಮೀ. ಹೆಜ್ಜೆಯಲ್ಲಿ 4/0.10 ಆಬ್ಜೆಕ್ಟಿವಿನಿಂದ ಸ್ಟ್ಯಾಕ್ ತೆಗೆದೆ. ಜೋಡಿಸಿದ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮಸುಕು. ತಂತ್ರಾಂಶದ ತಪ್ಪೇ?

ಉತ್ತರ: ತಂತ್ರಾಂಶಕ್ಕೆ ಕೊಡದ ವಿವರವನ್ನು ಅದು ಎಲ್ಲಿಂದ ತರಬೇಕು? ಬೆಳಕಿನ ತರಂಗದೂರವನ್ನು ಎನ್‌ಎಯ ವರ್ಗದಿಂದ ಭಾಗಿಸಿ. ಹಸಿರು ಬೆಳಕಿಗೆ 0.55 ಮೈಕ್ರಾನ್ ಹಿಡಿದರೆ 0.10 ಎನ್‌ಎಗೆ ಸ್ಪಷ್ಟವಾಗಿರುವ ಪದರದ ದಪ್ಪ 55 ಮೈಕ್ರಾನ್. ನಿಮ್ಮ ಹೆಜ್ಜೆ 100 ಮೈಕ್ರಾನ್. ಪ್ರತಿ ಸಲವೂ 45 ಮೈಕ್ರಾನ್ ಯಾವ ಚಿತ್ರದಲ್ಲೂ ಫೋಕಸಿಗೆ ಬಂದಿಲ್ಲ, ಪಟ್ಟೆಗಳು ಅವೇ. ಹೆಜ್ಜೆಯನ್ನು 40 ಮೈಕ್ರಾನಿಗೆ ಇಳಿಸಿ. 2 ಮಿ.ಮೀ. ಆಳದ ವಸ್ತುವಿಗೆ 50 ಚಿತ್ರ. 10/0.25ಕ್ಕೆ ಪದರ 8.8 ಮೈಕ್ರಾನ್, ಹೆಜ್ಜೆ 6. ಅದೇ ವಸ್ತುವಿಗೆ 330ಕ್ಕೂ ಹೆಚ್ಚು ಚಿತ್ರ. ಇಷ್ಟು ಸಣ್ಣ ಹೆಜ್ಜೆಗೆ ಕೈರೈಲು ಆಗದು. ಸೂಕ್ಷ್ಮದರ್ಶಕದ ಫೈನ್ ಫೋಕಸ್ ತಿರುಪು ಬಳಸಿ. ಹಲವುಗಳಲ್ಲಿ ಒಂದು ಗೆರೆಗೆ 2 ಮೈಕ್ರಾನ್ ಇರುತ್ತದೆ. ತಿರುಪನ್ನು ಒಂದೇ ದಿಕ್ಕಿಗೆ ತಿರುಗಿಸಿ. ಹಿಂದೆಮುಂದೆ ಮಾಡಿದರೆ ಹಲ್ಲುಗಳ ಸಡಿಲದಿಂದ ಹೆಜ್ಜೆ ತಪ್ಪುತ್ತದೆ.

ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಐಎಸ್‌ಒ ಎಲ್ಲವೂ ಮ್ಯಾನುವಲ್. ಸ್ಟ್ಯಾಕ್ ಜೋಡಿಸುವ ತಂತ್ರಾಂಶ ಝೆರೀನ್ ಸ್ಟ್ಯಾಕರಿನಲ್ಲಿ ಪಿಮ್ಯಾಕ್ಸ್, ಡಿಮ್ಯಾಪ್ ಎಂಬ ಎರಡು ವಿಧಾನಗಳಿವೆ. ಒಂದರ ಮೇಲೊಂದು ಹಾಯುವ ಕೂದಲುಗಳಿಗೆ ಪಿಮ್ಯಾಕ್ಸ್ ಒಳ್ಳೆಯದು, ಆದರೆ ನಾಯ್ಸ್ ಹೆಚ್ಚಿಸುತ್ತದೆ. ಡಿಮ್ಯಾಪ್ ಮೈಯ ಬಣ್ಣ, ನಯ ಉಳಿಸುತ್ತದೆ, ಕೂದಲ ಸುತ್ತ ಪ್ರಭೆ ಬಿಡುತ್ತದೆ. ಎರಡೂ ಮಾಡಿ, ಡಿಮ್ಯಾಪ್ ಚಿತ್ರದ ಮೇಲೆ ಕೂದಲಿರುವ ಕಡೆ ಪಿಮ್ಯಾಕ್ಸ್ ತೇಪೆ ಹಾಕುವುದೇ ಸರಿಯಾದ ಕ್ರಮ.

ಅಲುಗಾಟಕ್ಕೆ ಸ್ಪೀಡ್‌ಲೈಟ್ ಫ್ಲಾಶೇ ಮದ್ದು. 1/16 ಶಕ್ತಿಯಲ್ಲಿ ಅದರ ಮಿಂಚು ಸುಮಾರು 1/10,000 ಸೆಕೆಂಡು ಮಾತ್ರ. ಕೋಣೆ ಕತ್ತಲಾಗಿದ್ದರೆ ಷಟರಿನ ನಡುಕ ಚಿತ್ರಕ್ಕೆ ತಾಗುವುದೇ ಇಲ್ಲ.

ಪ್ರಶ್ನೆ: ಹೊಳೆಯುವ ಜೀರುಂಡೆಯ ಬೆನ್ನಿನ ಮೇಲೆ ಬಿಳಿ ಚುಕ್ಕೆಗಳು. ಪೋಲರೈಸರ್ ಹಾಕಲೇ?

ಉತ್ತರ: ಬೇಡ. ಫ್ಲಾಶಿಗೊಂದು, ಲೆನ್ಸಿಗೊಂದು ಪೋಲರೈಸರ್ ಹಾಕಿ ಒಂದಕ್ಕೊಂದು ಅಡ್ಡಕೋನದಲ್ಲಿ ತಿರುಗಿಸಿದರೆ ಚುಕ್ಕೆ ಹೋಗುತ್ತದೆ, ಜೊತೆಗೆ ಆ ಲೋಹದ ಹಸಿರೂ ಹೋಗುತ್ತದೆ. ಆ ಬಣ್ಣ ಹುಟ್ಟುವುದೇ ಚಿಪ್ಪಿನ ತೆಳುಪದರಗಳ ಪ್ರತಿಫಲನದಿಂದ. ಬೆಳಕನ್ನು ದೊಡ್ಡದು ಮಾಡಿ. ಟ್ರೇಸಿಂಗ್ ಹಾಳೆಯನ್ನು ಕೊಳವೆಯಾಗಿ ಸುತ್ತಿ ಜೀರುಂಡೆಯ ಸುತ್ತ ಒಂದೆರಡು ಸೆಂ.ಮೀ. ದೂರದಲ್ಲಿ ನಿಲ್ಲಿಸಿ, ಫ್ಲಾಶನ್ನು ಹಾಳೆಯಿಂದ ದೂರ ಇಡಿ. ಹಾಳೆ ಫ್ಲಾಶಿನ ಬಾಯಿಗೆ ಅಂಟಿಕೊಂಡಿದ್ದರೆ ಏನೂ ಉಪಯೋಗವಿಲ್ಲ, ಬೆಳಕಿನ ಮೂಲ ಆಗಲೂ ಚಿಕ್ಕದೇ.

ಪ್ರಶ್ನೆ: ಕೆರೆ ನೀರಿನ ಹನಿಯನ್ನು ಸೂಕ್ಷ್ಮದರ್ಶಕದ ಮೂಲಕ ಮೊಬೈಲಿನಲ್ಲಿ ತೆಗೆಯುತ್ತೇನೆ. ಸುತ್ತ ಕಪ್ಪು, ಬೆಳಕು ಒಂದು ಬದಿಗೆ, ಒಂದು ಕಲೆ ಯಾವಾಗಲೂ ಅಲ್ಲೇ.

ಉತ್ತರ: ಕಣ್ಣುಮಸೂರದ ಮೇಲೆ ಬಿಳಿ ಕಾಗದ ಹಿಡಿದು ಮೇಲೆತ್ತುತ್ತಾ ಹೋಗಿ. ಬೆಳಕಿನ ವೃತ್ತ ಅತಿ ಚಿಕ್ಕದಾಗುವ ಎತ್ತರದಲ್ಲೇ ಮೊಬೈಲಿನ ಲೆನ್ಸ್ ಇರಬೇಕು. ಮುಖ್ಯ ಕ್ಯಾಮೆರಾವನ್ನೇ ಬಳಸಿ, ಸ್ವಲ್ಪ ಜೂಮ್ ಮಾಡಿ. ಬೆಳಕಿಗೆ: 10 ಪಟ್ಟಿನ ಆಬ್ಜೆಕ್ಟಿವಿನಲ್ಲಿ ಸ್ಲೈಡನ್ನು ಫೋಕಸ್ ಮಾಡಿ, ದೀಪದ ಬುಡದ ಡಯಾಫ್ರಮ್ ಕಿರಿದಾಗಿಸಿ, ಅದರ ಅಂಚು ಚೂಪಾಗುವವರೆಗೆ ಕಂಡೆನ್ಸರ್ (ಸ್ಲೈಡಿನ ಅಡಿಯ ಬೆಳಕು ಕೂಡಿಸುವ ಮಸೂರ) ಏರಿಳಿಸಿ, ತಿರುಪುಗಳಿಂದ ನಡುವಿಗೆ ತನ್ನಿ, ಆಮೇಲೆ ಅಂಚು ನೋಟದಾಚೆ ಸರಿಯುವಷ್ಟು ತೆರೆಯಿರಿ. ಕೊನೆಗೆ ಕಣ್ಣುಮಸೂರ ತೆಗೆದು ಕೊಳವೆಯೊಳಗೆ ನೋಡುತ್ತಾ ಕಂಡೆನ್ಸರಿನ ಡಯಾಫ್ರಮನ್ನು ಬೆಳಕಿನ ವೃತ್ತದ ಮುಕ್ಕಾಲು ಭಾಗ ತೆರೆದಿರುವಷ್ಟು ಮುಚ್ಚಿ. ಪಾರದರ್ಶಕ ಜೀವಿಗಳು ಕಾಣಲೆಂದು ಅದನ್ನು ಇನ್ನೂ ಮುಚ್ಚುವವರೇ ಹೆಚ್ಚು. ಕಾಂಟ್ರಾಸ್ಟ್ ಏರುತ್ತದೆ, ವಿವರ ಕರಗುತ್ತದೆ.

ಕಲೆಗೆ: ಕಣ್ಣುಮಸೂರ ತಿರುಗಿಸಿ. ಕಲೆಯೂ ತಿರುಗಿದರೆ ಅದು ಅಲ್ಲಿದೆ. ಸ್ಲೈಡ್ ಸರಿಸಿ, ಸರಿದರೆ ಸ್ಲೈಡಿನಲ್ಲಿದೆ. ಕಂಡೆನ್ಸರ್ ಏರಿಳಿಸಿದಾಗ ಅದು ಹಿಗ್ಗಿ ಕುಗ್ಗಿದರೆ ಕಂಡೆನ್ಸರಿನಲ್ಲೋ ದೀಪದ ಗಾಜಿನಲ್ಲೋ ಇದೆ. ಒರೆಸುವ ಮೊದಲು ಬ್ಲೋವರಿನಿಂದ ಊದಿ. ದೂಳಿನ ಕಣವನ್ನು ಹಾಗೇ ಉಜ್ಜಿದರೆ ಗಾಜಿನ ಲೇಪಕ್ಕೆ ಗೀರು ಬೀಳುತ್ತದೆ.