ಬಿಳಿ ರಕ್ತಕಣದ ಮೂಗು ಮುಚ್ಚಿದರೆ ಸಂಧಿವಾತ ನಿಲ್ಲುತ್ತದಾ?

ಪ್ರಶ್ನೆ: ಅಮ್ಮನಿಗೆ 54 ವರ್ಷ, ಎರಡು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಮೆಥೊಟ್ರೆಕ್ಸೇಟ್ ಮಾತ್ರೆ ನಡೆಯುತ್ತಿದೆ. ಆದರೂ ಬೆಳಗ್ಗೆ ಎದ್ದು ಒಂದೂವರೆ ಗಂಟೆ ಬೆರಳು ಮಡಚಲು ಆಗುವುದಿಲ್ಲ. ಬಿಳಿ ರಕ್ತಕಣಗಳನ್ನು ಕೀಲಿಗೆ ಕರೆಸುವುದು ಕೀಮೋಕೈನ್ ಅಂತ ಓದಿದೆ. ಎಚ್‌ಐವಿಗೆ ಕೀಮೋಕೈನ್ ರಿಸೆಪ್ಟರ್ ಮುಚ್ಚುವ ಮಾತ್ರೆ ಇದೆಯಂತೆ. ಅದನ್ನೇ ಇದಕ್ಕೂ ಕೊಡಬಹುದಲ್ವಾ? ‘ಕೀಮೋ’ ಅಂದಕೂಡಲೇ ಅಮ್ಮ ಬೇರೆ ಹೆದರಿದ್ದಾರೆ. – ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಅಮ್ಮನ ಹೆದರಿಕೆ ಬಿಡಿಸೋಣ. ಕೀಮೋಕೈನ್‌ಗೂ ಕ್ಯಾನ್ಸರ್‌ನ ಕೀಮೋ ಚಿಕಿತ್ಸೆಗೂ ಸಂಬಂಧ ಇಲ್ಲ, ಹೆಸರಿನ ಮೊದಲ ತುಂಡು ಒಂದೇ ಅಷ್ಟೆ. ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ಗೂ ಕೊಡುವ ಔಷಧ ನಿಜ, ಪಕ್ಕದ ಮನೆಯವರು ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ. ಆದರೆ ಅಲ್ಲಿ ಕೆಲವೊಮ್ಮೆ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ವಾರಕ್ಕೆ, ದಿನಕ್ಕಲ್ಲ. ಇದನ್ನು ಮಾತ್ರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ತಪ್ಪಿ ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ.

ಈಗ ಪ್ರಶ್ನೆಗೆ ಬರೋಣ. ಬೀದಿಯಲ್ಲಿ ಯಾರದೋ ಮನೆಯಲ್ಲಿ ಹಲಸಿನ ಹಣ್ಣು ಕೊಯ್ದರೆ ಕೇಳದೆಯೇ ಗೊತ್ತಾಗುತ್ತದೆ, ವಾಸನೆ ಜಾಸ್ತಿಯಾಗುವ ಕಡೆ ನಡೆದರೆ ಮನೆ ಸಿಗುತ್ತದೆ. ಕೀಮೋಕೈನ್ ಆ ವಾಸನೆ. ರಿಸೆಪ್ಟರ್ ಬಿಳಿ ಕಣದ ಮೂಗು. ಹೋಲಿಕೆ ಸುಮ್ನೆ ಕೊಟ್ಟಿದ್ದಲ್ಲ: ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ರಿಸೆಪ್ಟರ್‌ಗಳೂ ಇವೂ ಒಂದೇ ದೊಡ್ಡ ಕುಟುಂಬದವು, ಎರಡೂ ಜೀವಕೋಶದ ಪೊರೆಯನ್ನು ಹೊಲಿಗೆ ದಾರದ ಹಾಗೆ ಏಳು ಸಲ ದಾಟುತ್ತವೆ.

ಊದಿದ ಕೀಲಿನ ಹತ್ತಿರದ ರಕ್ತನಾಳದಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣ ಗೋಡೆ ಸವರಿಕೊಂಡು ಉರುಳುತ್ತಾ ಬರುತ್ತದೆ. ಗೋಡೆಗೆ ಕೀಮೋಕೈನ್ ಅಂಟಿಕೊಂಡಿರುತ್ತದೆ. ಅದು ಮೂಗಿಗೆ ತಗುಲಿದ್ದೇ ತಡ, ಕಣ ಅಲ್ಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಚಪ್ಪಟೆಯಾಗಿ ಹರಡುತ್ತದೆ, ಗೋಡೆಯ ಕೋಶಗಳ ಸಂದಿಯಲ್ಲಿ ತೂರಿ ಕೆಲವೇ ನಿಮಿಷದಲ್ಲಿ ಆಚೆ ಹೋಗಿಬಿಡುತ್ತದೆ. ಫಲ ಏನು ಅನ್ನುವುದು ಮಂಡಿಯಿಂದ ನೀರು ತೆಗೆದಾಗ ಕಣ್ಣಿಗೇ ಕಾಣುತ್ತದೆ. ಒಳ್ಳೆ ಕೀಲಿನ ನೀರು ತಿಳಿ, ಸಿರಿಂಜಿನ ತುದಿಯಿಂದ ಬಿಟ್ಟರೆ ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ರುಮಟಾಯ್ಡ್ ಮಂಡಿಯದು ಮಬ್ಬು ಹಳದಿ, ತೊಟತೊಟ ಅಂತ ನೀರಿನ ಹಾಗೇ ಬೀಳುತ್ತದೆ. ಒಂದು ಮೈಕ್ರೋಲೀಟರಿನಲ್ಲಿ 200ರೊಳಗೆ ಇರಬೇಕಾದ ಬಿಳಿ ಕಣಗಳು ಸಾವಿರಗಟ್ಟಲೆ, ಕೆಲವೊಮ್ಮೆ ಹತ್ತಾರು ಸಾವಿರ ಇರುತ್ತವೆ. ಕರೆಯದೆ ಬಂದವರಲ್ಲ ಇವರು, ಕರೆಸಿಕೊಂಡವರು.

ಹಾಗಾದರೆ ಮೂಗು ಮುಚ್ಚೋಣ ಅಂತ ನಿಮಗೆ ಹೊಳೆದದ್ದು ಕಂಪನಿಗಳಿಗೂ ಹೊಳೆದಿತ್ತು. ನೀವು ಓದಿದ ಎಚ್‌ಐವಿ ಮಾತ್ರೆ ಮರಾವಿರಾಕ್, 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮುಚ್ಚುವುದು ಸಿಸಿಆರ್5 ಅನ್ನುವ ರಿಸೆಪ್ಟರನ್ನು. ಅದನ್ನೇ ಮೆಥೊಟ್ರೆಕ್ಸೇಟ್ ಜೊತೆಗೆ ಸಂಧಿವಾತದವರಿಗೆ ಕೊಟ್ಟು ನೋಡಿದ್ದಾರೆ. ಖಾಲಿ ಮಾತ್ರೆಗಿಂತ ಜಾಸ್ತಿ ಗುಣ ಏನೂ ಕಾಣಲಿಲ್ಲ. ಸಿಸಿಆರ್1, ಸಿಸಿಆರ್2 ಮುಚ್ಚುವ ಪ್ರಯತ್ನಗಳೂ ಕೈಕೊಟ್ಟವು.

ಯಾಕೆ? ಎಚ್‌ಐವಿ ವೈರಸ್ಸಿಗೆ ಬೇಕಾದದ್ದು ಒಂದು ಬಾಗಿಲು, ಸಾಮಾನ್ಯವಾಗಿ ಅದು ಸಿಸಿಆರ್5. ಬರ್ಲಿನ್‌ನ ತಿಮೋಥಿ ರೇ ಬ್ರೌನ್ ಕತೆ ಕೇಳಿರಬಹುದು: ಎಚ್‌ಐವಿ ಜೊತೆ ರಕ್ತದ ಕ್ಯಾನ್ಸರ್ ಕೂಡ ಇತ್ತು, 2007ರಲ್ಲಿ ಈ ಬಾಗಿಲೇ ಇಲ್ಲದೆ ಹುಟ್ಟಿದ ದಾನಿಯ ಕಾಂಡಕೋಶ (ರಕ್ತಕಣ ಹುಟ್ಟಿಸುವ ಮೂಲ ಕೋಶ) ಹಾಕಿದರು, ವೈರಸ್ ಮತ್ತೆ ಬರಲಿಲ್ಲ. ಒಂದೇ ಬಾಗಿಲಿದ್ದ ಕಡೆ ಬೀಗ ಕೆಲಸ ಮಾಡಿತು. ಕೀಲಿನಲ್ಲಿ ಹಾಗಲ್ಲ. ಮನುಷ್ಯನಲ್ಲಿ ಸುಮಾರು 50 ಕೀಮೋಕೈನ್, 20ರಷ್ಟು ರಿಸೆಪ್ಟರ್ ಇವೆ. ರುಮಟಾಯ್ಡ್ ಕೀಲಿನಲ್ಲಿ ಅವುಗಳಲ್ಲಿ ಹತ್ತಾರು ಒಟ್ಟಿಗೆ ಸುರಿಯುತ್ತಿರುತ್ತವೆ, ಒಂದು ಕೀಮೋಕೈನ್ ಎರಡು ಮೂರು ರಿಸೆಪ್ಟರ್‌ಗೆ ಕೂರುತ್ತದೆ, ಒಂದು ಕಣಕ್ಕೆ ನಾಲ್ಕೈದು ಮೂಗು. ಒಂದು ಮುಚ್ಚಿದರೆ ಇನ್ನೊಂದರಲ್ಲಿ ಮೂಸುತ್ತದೆ. ಅದೂ ಅಲ್ಲದೆ, ಒಂದೇ ಜಾತಿಯ ರಿಸೆಪ್ಟರನ್ನು ಮುಚ್ಚುವುದಾದರೂ ಹೆಚ್ಚುಕಡಿಮೆ ಎಲ್ಲವನ್ನೂ ದಿನವಿಡೀ ಮುಚ್ಚಿರಬೇಕು, ಸ್ವಲ್ಪ ತೆರೆದಿದ್ದರೂ ಕಣಕ್ಕೆ ದಾರಿ ಹಿಡಿಯಲು ಅಷ್ಟು ಸಾಕು. ಈ ಲೆಕ್ಕ ಮೊದಲೇ ಹಾಕಬಹುದಿತ್ತು ಅಂತ ಈಗ ಕೂತು ಹೇಳುವುದು ಸುಲಭ, ಬಿಡಿ.

ನಿಮ್ಮ ದಿಕ್ಕು ಮಾತ್ರ ತಪ್ಪಲ್ಲ. ಮೂಗು ಮುಚ್ಚುವುದರ ಬದಲು ಹಣ್ಣು ಕೊಯ್ಯುವುದನ್ನೇ ನಿಲ್ಲಿಸಬಹುದಲ್ವಾ? ಕೀಲಿನಲ್ಲಿ ಕೀಮೋಕೈನ್ ಸುರಿಯುವಂತೆ ಮಾಡುವವರಲ್ಲಿ ದೊಡ್ಡವನು ಟಿಎನ್‌ಎಫ್, ಊತ ಎಬ್ಬಿಸುವ ಒಂದು ಪ್ರೋಟೀನು. ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅನ್ನುವ ಔಷಧ ಕೊಡುವ ಮೊದಲೂ ಆಮೇಲೂ, ಲಂಡನ್ನಿನಲ್ಲಿ, ರೋಗಿಯದೇ ಬಿಳಿ ಕಣ ತೆಗೆದು, ಸ್ವಲ್ಪ ವಿಕಿರಣದ ಗುರುತು ಹಚ್ಚಿ, ವಾಪಸ್ ಬಿಟ್ಟು, ಎಷ್ಟು ಕೀಲಿಗೆ ಹೋಗುತ್ತವೆ ಅಂತ ಕ್ಯಾಮೆರಾದಲ್ಲಿ ನೋಡಿದರು. ಎರಡೇ ವಾರದಲ್ಲಿ ಕಡಿಮೆಯಾಗಿತ್ತು. ಈ ಜಾತಿಯ ಇಂಜೆಕ್ಷನ್‌ಗಳು, ಅಡಾಲಿಮ್ಯಾಬ್, ಎಟನರ್ಸೆಪ್ಟ್, ನಮ್ಮಲ್ಲೂ ಸಿಗುತ್ತವೆ. ಬೆಲೆ ಇನ್ನೂ ಕೈ ಸುಡುತ್ತದೆ.

ಒಂದು ಎಚ್ಚರ. ಶ್ವಾಸಕೋಶದಲ್ಲಿ ಹಳೆಯ ಕ್ಷಯದ ಸುತ್ತ ಕಾವಲು ಕೂತಿರುವುದೂ ಹೀಗೆ ಕರೆಸಿಕೊಂಡ ಕಣಗಳೇ. ಟಿಎನ್‌ಎಫ್ ತಡೆದರೆ ಕಾವಲು ಸಡಿಲವಾಗುತ್ತದೆ, ಮಲಗಿದ್ದ ಟಿಬಿ ಏಳಬಹುದು. ಅದಕ್ಕೇ ಶುರು ಮಾಡುವ ಮೊದಲು ಟಿಬಿ ಪರೀಕ್ಷೆ, ಎದೆ ಎಕ್ಸ್‌ರೇ ಮಾಡಿಸುತ್ತಾರೆ. ದುಡ್ಡು ಮಾಡಲು ಅಂತ ಬೈಯಬೇಡಿ.

ಎರಡು ವರ್ಷದ ಚಿಕಿತ್ಸೆಯ ಮೇಲೂ ಬೆಳಗ್ಗೆ ಒಂದೂವರೆ ಗಂಟೆ ಬೆರಳು ಹಿಡಿದಿರುತ್ತದೆ ಅಂದರೆ ರೋಗ ಹತೋಟಿಯಲ್ಲಿಲ್ಲ. ಮುಂದಿನ ಭೇಟಿಗೆ ಮೂರು ತಿಂಗಳು ಕಾಯಬೇಡಿ. ಎರಡು ವಾರ ದಿನಾ ಬೆಳಗ್ಗೆ ಎಷ್ಟು ನಿಮಿಷ ಬೆರಳು ಮಡಚಲಾಗಲಿಲ್ಲ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹಾಳೆ ಹಿಡಿದು ರುಮಟಾಲಜಿಸ್ಟ್ ಹತ್ತಿರ ಹೋಗಿ, ಡೋಸ್ ಏರಿಸುವುದಾ, ಇನ್ನೊಂದು ಮಾತ್ರೆ ಸೇರಿಸುವುದಾ, ಇಂಜೆಕ್ಷನ್ನಾ ಅಂತ ಕೇಳಿ. ನಡುವೆ ಸ್ಟೀರಾಯ್ಡ್ ಕೊಟ್ಟು, ರಿಪೋರ್ಟಿನಲ್ಲಿ ಬಿಳಿ ಕಣ ಏರಿದ್ದು ಕಂಡರೆ ಗಾಬರಿ ಬೀಳಬೇಡಿ. ಜ್ವರ ಇಲ್ಲದಿದ್ದರೆ ಬಹಳ ಸಲ ಅದು ಸೋಂಕಲ್ಲ, ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಕೈಬಿಟ್ಟು ಹರಿವಿಗೆ ಬಂದು ಲೆಕ್ಕಕ್ಕೆ ಸಿಕ್ಕಿರುತ್ತವೆ. ಆದರೂ ಆ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿಯೇ ಬನ್ನಿ.