ಓದುಗರ ಪ್ರಶ್ನೆ: ಲಿನಕ್ಸ್ ಗಣಿತ ತಂತ್ರಾಂಶ ವಿಂಡೋಸ್‌ಗೆ ಬರಬೇಕು, ಕೈಜೋಡಿಸುವವರು ಸಿಗುತ್ತಿಲ್ಲ

ಪ್ರಶ್ನೆ: ಸಂಖ್ಯಾಸಿದ್ಧಾಂತದ ಲೆಕ್ಕಗಳಿಗೆಂದು ನಾವು ಸಿ ಭಾಷೆಯಲ್ಲಿ, ಜಿಎಂಪಿ (ಬಹುದೊಡ್ಡ ಸಂಖ್ಯೆಗಳ ಲೆಕ್ಕದ ಲೈಬ್ರರಿ) ಬಳಸಿ ಬರೆದ ಮುಕ್ತ ತಂತ್ರಾಂಶ ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ವಿದ್ಯಾರ್ಥಿಗಳ ಬಳಿ ಇರುವುದು ವಿಂಡೋಸ್. ‘ಪೋರ್ಟ್ ಮಾಡಿಕೊಡಿ’ (ವಿಂಡೋಸ್‌ನಲ್ಲೂ ಓಡುವಂತೆ ತಿದ್ದಿಕೊಡಿ) ಎಂದು ಆರು ತಿಂಗಳಿಂದ ಕೇಳುತ್ತಿದ್ದೇವೆ, ಯಾರೂ ಬಂದಿಲ್ಲ.
– ಗಣಿತ ಅಧ್ಯಾಪಕಿ, ಧಾರವಾಡ

ಉತ್ತರ: ಪೋರ್ಟ್ ನಿಜಕ್ಕೂ ಬೇಕೇ, ಮೊದಲು ನೋಡಿ. ವಿಂಡೋಸ್ 10, 11ರಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡರೆ ಅದರೊಳಗೇ ಉಬುಂಟು ಲಿನಕ್ಸ್ ಓಡುತ್ತದೆ. ಸೇಜ್‌ಮ್ಯಾತ್‌ನಂಥ ದೊಡ್ಡ ಗಣಿತ ತಂತ್ರಾಂಶವೇ ಈಗ ವಿಂಡೋಸ್ ಬಳಕೆದಾರರಿಗೆ ತೋರಿಸುವ ದಾರಿ ಇದು. ಆದರೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು, ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿರಬೇಕು. ಕಾಲೇಜು ಲ್ಯಾಬ್‌ನಲ್ಲಿ ಎರಡನೆಯದು ಸಿಗುವುದು ಕಷ್ಟ. ಹಾಗಿದ್ದರೆ ಪೋರ್ಟ್ ಬೇಕು.

‘ಪೋರ್ಟ್ ಮಾಡಿಕೊಡಿ’ ಎಂದರೆ ಅದು ಎರಡು ದಿನದ ಕೆಲಸವೋ ಎರಡು ತಿಂಗಳದ್ದೋ ಯಾರಿಗೂ ತಿಳಿಯುವುದಿಲ್ಲ. ಅಳತೆ ಗೊತ್ತಿಲ್ಲದ ಕೆಲಸಕ್ಕೆ ಯಾರೂ ಕೈ ಹಾಕರು. ಅಳತೆಯನ್ನು ನೀವೇ ತೆಗೆಯಿರಿ: ವಿಂಡೋಸ್ ಯಂತ್ರವೊಂದರಲ್ಲಿ ಎಂಸಿಸ್2 (ಲಿನಕ್ಸ್ ಮಾದರಿಯ ಕಂಪೈಲರ್, ಉಪಕರಣಗಳನ್ನು ವಿಂಡೋಸ್‌ಗೆ ಒದಗಿಸುವ ತಂತ್ರಾಂಶ) ಹಾಕಿ, ಅದರ ಯುಸಿಆರ್‌ಟಿ64 ಟರ್ಮಿನಲ್‌ನಲ್ಲಿ ಜಿಸಿಸಿ, ಮೇಕ್, ಜಿಎಂಪಿ ಪ್ಯಾಕೇಜುಗಳನ್ನು ಇಳಿಸಿಕೊಂಡು ಮೇಕ್ ಓಡಿಸಿ. ಬಂದ ಮೊದಲ ದೋಷದ ಸಂದೇಶವನ್ನು ಹಾಗೆಯೇ ಉಳಿಸಿಡಿ. ಮುಂದಿನವು ಬಹುಪಾಲು ಅದರ ಬಾಲ.

ಬಿಲ್ಡ್ ಆದ ಮೇಲೆ ಪರೀಕ್ಷೆಗಳನ್ನು ಓಡಿಸಲೇಬೇಕು. 64 ಬಿಟ್ ಲಿನಕ್ಸ್‌ನಲ್ಲಿ ‘ಲಾಂಗ್’ (ಸಿ ಭಾಷೆಯ ಒಂದು ಪೂರ್ಣಾಂಕ ಪ್ರಕಾರ) 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಮಾತ್ರ. ಅಂದರೆ 2,14,74,83,647 ದಾಟಿದ ಬೆಲೆ ಅದರಲ್ಲಿ ಹಿಡಿಸದು. 500 ಕೋಟಿ ಇರಬೇಕಾದ ಕಡೆ 70,50,32,704 ಕೂತಿರುತ್ತದೆ. ಕಂಪೈಲ್ ಆಗುತ್ತದೆ, ಕ್ರ್ಯಾಶ್ ಆಗುವುದಿಲ್ಲ, ಉತ್ತರ ಮಾತ್ರ ತಪ್ಪು. ಗಣಿತ ತಂತ್ರಾಂಶಕ್ಕೆ ಇದಕ್ಕಿಂತ ಕ್ರ್ಯಾಶ್ ವಾಸಿ. ಎಲ್ಲ ‘ಲಾಂಗ್’ಗಳನ್ನು ಹುಡುಕಿ, 64 ಬಿಟ್ ಬೇಕಾದಲ್ಲಿ ಇಂಟ್64-ಟಿ ಹಾಕಬೇಕು. ಅಷ್ಟು ಮಾಡಿ ನಿಲ್ಲಿಸುವವರೇ ಹೆಚ್ಚು. ಜಿಎಂಪಿಯಲ್ಲಿ ಹೆಸರಿನ ಕೊನೆಗೆ ‘ಯುಐ’, ‘ಎಸ್‌ಐ’ ಇರುವ ಫಂಕ್ಷನ್‌ಗಳು ಪಡೆಯುವುದೂ ಲಾಂಗನ್ನೇ, ಅಲ್ಲಿ ಬೆಲೆ ಮತ್ತೆ ಕತ್ತರಿಸಿಹೋಗುತ್ತದೆ. ಅಂಥ ಕಡೆ ಇಂಪೋರ್ಟ್ ಫಂಕ್ಷನ್ ಬಳಸಿ.

ಬೈನರಿ ಕೋಷ್ಟಕದ ಫೈಲುಗಳಿದ್ದರೆ ‘ಆರ್‌ಬಿ’ (ಬೈನರಿಯಾಗಿ ಓದು) ಎಂದೇ ತೆರೆಯಬೇಕು. ಬರೀ ‘ಆರ್’ ಎಂದರೆ ವಿಂಡೋಸ್ 26ನೇ ಸಂಖ್ಯೆಯ ಬೈಟ್ ಕಂಡಲ್ಲಿಗೆ ಫೈಲ್ ಮುಗಿಯಿತೆಂದುಕೊಳ್ಳುತ್ತದೆ. ಇನ್ನು ಫೋರ್ಕ್ (ಓಡುತ್ತಿರುವ ಪ್ರೋಗ್ರಾಂ ತನ್ನದೇ ನಕಲು ಹುಟ್ಟಿಸುವ ಕರೆ) ಬಳಸಿದ್ದರೆ, ವಿಂಡೋಸ್‌ನಲ್ಲಿ ಅದು ಇಲ್ಲ. ಆ ಭಾಗವನ್ನು ಥ್ರೆಡ್‌ಗಳಲ್ಲಿ ಹೊಸದಾಗಿ ಬರೆಯಬೇಕು, ನಿಜವಾಗಿ ಸಮಯ ತಿನ್ನುವುದು ಅದೇ.

ಈಗ ಸಹಾಯ ಕೇಳಿ. ‘ಅಪವರ್ತನದ ಈ ಪರೀಕ್ಷೆ ವಿಂಡೋಸ್‌ನಲ್ಲಿ ಸೋಲುತ್ತಿದೆ, ಕಾರಣ ಈ ಫೈಲಿನ ಲಾಂಗ್’ ಎಂಬಷ್ಟು ಚಿಕ್ಕದಾಗಿ, ಒಂದೊಂದನ್ನೇ ಬೇರೆ ಬೇರೆಯಾಗಿ ಬರೆಯಿರಿ. ಗಿಟ್‌ಹಬ್ ಆಕ್ಷನ್ಸ್ ಸಾರ್ವಜನಿಕ ಯೋಜನೆಗಳಿಗೆ ವಿಂಡೋಸ್ ಯಂತ್ರವನ್ನು ಉಚಿತವಾಗಿ ಕೊಡುತ್ತದೆ. ಪ್ರತಿ ತಿದ್ದುಪಡಿಯೂ ಅಲ್ಲಿ ತಾನಾಗಿ ಪರೀಕ್ಷೆಯಾಗುವಂತೆ ಹೊಂದಿಸಿದರೆ ವಿಂಡೋಸ್ ಇಲ್ಲದವರೂ ಕೆಲಸ ಮಾಡಬಹುದು. ಪರವಾನಗಿ ಫೈಲ್ ಇದೆಯೇ ನೋಡಿ. ಅದಿಲ್ಲದಿದ್ದರೆ ತಿದ್ದಿ ಹಂಚುವ ಹಕ್ಕು ಯಾರಿಗೂ ಇಲ್ಲ, ತಿಳಿದವರು ದೂರವೇ ಉಳಿಯುತ್ತಾರೆ. ಬೆಂಗಳೂರಿನ ಇಂಡಿಯಾಫಾಸ್ ಮುಕ್ತ ತಂತ್ರಾಂಶ ಸಮ್ಮೇಳನದಲ್ಲಿ ಇಂಥ ಕೆಲಸ ಬಲ್ಲವರು ಸಿಗಬಹುದು. ಹೊಸಬರು ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುವ ಕಾರ್ಯಕ್ರಮವಾದ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಸಣ್ಣ ಯೋಜನೆ ಒಂಟಿಯಾಗಿ ಹೋಗುವ ಬದಲು, ಈಗಾಗಲೇ ಭಾಗವಹಿಸುತ್ತಿರುವ ಗಣಿತ ತಂತ್ರಾಂಶ ಸಂಸ್ಥೆಯೊಂದರ ಆಶ್ರಯ ಕೇಳಿ. 2022ರಿಂದ ಅದರಲ್ಲಿ ವಿದ್ಯಾರ್ಥಿಗಳಲ್ಲದವರಿಗೂ ಅವಕಾಶವಿದೆ. ಯಾರಾದರೂ ಮೊದಲ ತಿದ್ದುಪಡಿ ಕಳಿಸಿದರೆ ಎರಡು ದಿನದೊಳಗೆ ಉತ್ತರಿಸಿ. ತಿಂಗಳು ಬಿಟ್ಟು ನೋಡಿದರೆ ಎರಡನೆಯದು ಬರುವುದಿಲ್ಲ.

ಪ್ರಶ್ನೆ: ಇಂಟೆಲ್ ಲಿನಕ್ಸ್‌ನಲ್ಲಿ ಓಡಿಸುವ ನಮ್ಮ ಸಿ ಕೋಡ್ ಎಂ1 ಮ್ಯಾಕ್‌ನಲ್ಲಿ ಕೊನೆಯ ಅಂಕಿಗಳನ್ನು ಬೇರೆ ಕೊಡುತ್ತದೆ. ಕಂಪೈಲರ್ ತಪ್ಪೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ದಶಾಂಶ ಸಂಖ್ಯೆಗಳಿಗೆ ‘ಲಾಂಗ್ ಡಬಲ್’ ಬಳಸಿದ್ದೀರಾ ನೋಡಿ. ಇಂಟೆಲ್ ಲಿನಕ್ಸ್‌ನಲ್ಲಿ ಅದು 80 ಬಿಟ್, ಎಂ1ನಲ್ಲಿ ಮಾಮೂಲಿ ಡಬಲ್‌ನಷ್ಟೇ, ಅಂದರೆ 15–16 ಅಂಕಿ. ನಿಖರತೆ ಬೇಕಾದಲ್ಲಿ ಎಂಪಿಎಫ್‌ಆರ್ ಲೈಬ್ರರಿ ಬಳಸಿ ಬಿಟ್‌ಗಳನ್ನು ನೀವೇ ನಿಗದಿ ಮಾಡಿ. ಬರೀ ಡಬಲ್ ಇದ್ದೂ ವ್ಯತ್ಯಾಸ ಬಂದರೆ, ಮ್ಯಾಕ್‌ನ ಕಂಪೈಲರ್ ಕ್ಲ್ಯಾಂಗ್ ಗುಣಾಕಾರ ಮತ್ತು ಸಂಕಲನವನ್ನು ಸೇರಿಸಿ ಒಂದೇ ಸಲ ದುಂಡಾಗಿಸುತ್ತಿರಬಹುದು. ಎಫ್‌ಪಿ-ಕಾಂಟ್ರಾಕ್ಟ್ ಆಯ್ಕೆಯನ್ನು ಆಫ್ ಮಾಡಿ ಹೋಲಿಸಿ.